ಯಾರ ಹೆಸರಿಗೆ ಮಸಿ?

ಮಸ್ಕಿಯ ಬಂಡೆಯ ಬಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದ ರಾಯಚೂರು ಸೀಮೆಯ ಉಪಾಧ್ಯಾಯರೆಲ್ಲ ಅಲ್ಲಿ ನಿಂತು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ; ನಾನೂ ಎಷ್ಟೋ ಸಲ ಹೇಳಿದ್ದೇನೆ. ದೇಶದ ಉದ್ದಗಲಕ್ಕೆ ಬಂಡೆಗಳ ಮೇಲೂ ಕಂಬಗಳ ಮೇಲೂ ‘ದೇವಾನಾಂಪ್ರಿಯ’ ಎಂಬ ಬಿರುದು ಹೊತ್ತ ಅರಸನೊಬ್ಬನ ಶಾಸನಗಳು ಸಿಕ್ಕಿದ್ದವು. ಆ ಬಿರುದಿನ ಹಿಂದಿರುವಾತ ಅಶೋಕನೇ ಆಗಿರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. ಆದರೆ ಬಿರುದಿನ ಜೊತೆಗೆ ಹೆಸರನ್ನೂ ಕೆತ್ತಿದ ಕಲ್ಲು ಮೊದಲು ಕಣ್ಣಿಗೆ ಬಿದ್ದದ್ದು 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ, ಈ ಮಸ್ಕಿಯಲ್ಲಿ. ಹೆಸರೊಂದು ದೊರೆತೊಡನೆ ತರ್ಕ ಮುಗಿದು ಚರಿತ್ರೆ ಮೊದಲಾಯಿತು. ದಾಖಲೆಯೊಳಗಿನ ಹೆಸರಿಗೆ ಎಂಥ ಬಲವಿದೆಯೆಂಬುದನ್ನು ಈ ಜಿಲ್ಲೆಯವರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ.

ಈ ಹಳೆಯ ಪಾಠ ನನಗೆ ಮತ್ತೆ ನೆನಪಾದದ್ದು ದೂರದ ಅಮೆರಿಕದ ಸುದ್ದಿಯೊಂದರ ನೆವದಿಂದ. ಜೆಫ್ರಿ ಎಪ್‌ಸ್ಟೀನ್ ಎಂಬ ಧನಿಕನ ಕಥೆಯನ್ನು ವಾಚಕರು ಬಲ್ಲರು. ಎಳೆಯ ಹುಡುಗಿಯರನ್ನು ಕೆಡಿಸಿದ ಈತ 2008ರಲ್ಲಿ ಫ್ಲಾರಿಡಾದಲ್ಲಿ ಸರಕಾರಿ ವಕೀಲರೊಡನೆ ಒಪ್ಪಂದ ಮಾಡಿಕೊಂಡು, ಹದಿನೆಂಟು ತಿಂಗಳ ಶಿಕ್ಷೆಯನ್ನೂ ಪೂರ್ತಿ ಅನುಭವಿಸದೆ ಹೊರಬಂದ. 2019ರಲ್ಲಿ ಮತ್ತೆ ಸೆರೆಯಾಗಿ, ವಿಚಾರಣೆಗೆ ಮೊದಲೇ ನ್ಯೂಯಾರ್ಕಿನ ಜೈಲಿನಲ್ಲಿ ಸತ್ತ. ಅವನ ಸಂಗಡಿಗರು ಯಾರು, ಅವನನ್ನು ಕಾಪಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಸಾಯಲಿಲ್ಲ. ಸರಕಾರದ ಬಳಿ ಇರುವ ಕಡತಗಳನ್ನೆಲ್ಲ ಮೂವತ್ತು ದಿನಗಳೊಳಗೆ ಪ್ರಕಟಿಸಬೇಕೆಂದು 2025ರ ನವೆಂಬರಿನಲ್ಲಿ ಅಲ್ಲಿ ಒಂದು ಕಾನೂನೇ ಆಯಿತು; ಕೆಳಮನೆಯಲ್ಲಿ ಅದಕ್ಕೆ ವಿರುದ್ಧವಾಗಿ ಬಿದ್ದದ್ದು ಒಂದೇ ಒಂದು ಮತ. ಗಡುವು ಮೀರಿ, 2026ರ ಜನವರಿ 30ರಂದು ಮೂವತ್ತು ಲಕ್ಷಕ್ಕೂ ಮಿಕ್ಕ ಪುಟಗಳು ಒಟ್ಟಿಗೆ ಹೊರಬಿದ್ದವು.

ಸಂತ್ರಸ್ತೆಯರ ಹೆಸರನ್ನು ಮಸಿ ಬಳಿದು ಮುಚ್ಚಬೇಕು, ಪ್ರತಿಷ್ಠಿತರ ಮಾನ ಹೋಗುತ್ತದೆಂಬ ಕಾರಣಕ್ಕೆ ಯಾವ ಹೆಸರನ್ನೂ ಮುಚ್ಚಬಾರದು ಎಂಬುದು ಆ ಕಾನೂನಿನ ಆಶಯವಾಗಿತ್ತು. ಆದದ್ದೇನು? ಎಷ್ಟೋ ಹೆಣ್ಣುಮಕ್ಕಳ ಹೆಸರುಗಳು, ಈವರೆಗೆ ಯಾರಿಗೂ ತಿಳಿಯದೆ ಇದ್ದವು, ಮಸಿಯಿಲ್ಲದೆ ಲೋಕದ ಮುಂದೆ ಬಂದುವು. ಅವರ ವಕೀಲರು ಮೊರೆಯಿಟ್ಟ ಮೇಲೆ ಇಲಾಖೆ ಸಾವಿರಾರು ಕಾಗದಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೆ ಬಿಟ್ಟ ಬಾಣವನ್ನು ಬತ್ತಳಿಕೆಗೆ ಸೇರಿಸಿದವರುಂಟೆ? ಇತ್ತ, ಮಸಿ ಇರಬಾರದ ಕಡೆ ಮಸಿ ಉಳಿದಿದೆಯೆಂದು ಕಾನೂನು ತಂದ ಸದಸ್ಯರೇ ದೂರಿದರು. ಕಡತದಲ್ಲಿ ಹೆಸರು ಕಂಡ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ನಿಜ. ಆದರೂ ಒಂದು ಕುಂಚ ಅಷ್ಟು ಸಲೀಸಾಗಿ ತಿರುಗುಮುರುಗಾದದ್ದು ಕೇವಲ ಗುಮಾಸ್ತರ ಅವಸರದಿಂದ ಎಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಚೇರಿಗಳ ಕೈಗೆ ಒಂದು ರೂಢಿಯಿದೆ. ಹೆಣ್ಣಿನ ಹೆಸರು ಬರೆಯುವಾಗ ಅದು ಅಳುಕುವುದಿಲ್ಲ. ಗಂಡಿನ ಹೆಸರು ಬಂದಾಗ ಲೇಖನಿಯನ್ನು ಕೆಳಗಿಟ್ಟು ಯೋಚಿಸುತ್ತದೆ.

ಆ ರೂಢಿ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನೆರೆಯ ಕೇರಳದಲ್ಲಿ ಚಲನಚಿತ್ರರಂಗದ ಹೆಂಗಸರ ಸಂಕಟವನ್ನು ಕೇಳಲು 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದು ಬೆಳಕು ಕಂಡದ್ದು 2024ರ ಆಗಸ್ಟ್ 19ರಂದು, ಅದೂ ರಾಜ್ಯ ಮಾಹಿತಿ ಆಯೋಗದ ಆದೇಶದ ಮೇಲೆ. ನಾಲ್ಕೂವರೆ ವರ್ಷ ಅದನ್ನು ಮುಚ್ಚಿಟ್ಟುದಕ್ಕೆ ಹೇಳಿದ ಕಾರಣ, ಸಮಿತಿಯ ಮುಂದೆ ಬಾಯಿಬಿಟ್ಟವರ ಗೋಪ್ಯ. ಗೋಪ್ಯ ಬೇಕಾದದ್ದೇ, ಆದರೆ ಕೆಲವು ಪುಟಗಳನ್ನೂ ಕೆಲವು ಸಾಲುಗಳನ್ನೂ ತೆಗೆದು ಮಿಕ್ಕುದನ್ನು ಕೊಡಬಹುದೆಂಬುದು ಕೊನೆಗೆ ಕೊಟ್ಟ ದಿನ ಸಿದ್ಧವಾಯಿತು. ನಾಲ್ಕೂವರೆ ವರ್ಷ ಹೆಣ್ಣಿನ ಸೆರಗನ್ನು ಪರದೆಯಾಗಿ ಹಿಡಿದು ಅದರ ಹಿಂದೆ ನಿಂತವರು ಯಾರು?

ಹಾಸನದ ಮಾತು ಇನ್ನೂ ಕಷ್ಟದ್ದು. 2024ರ ಏಪ್ರಿಲಿನಲ್ಲಿ, ಮತದಾನದ ಮುನ್ನಾ ದಿನಗಳಲ್ಲಿ, ಆಗಿನ ಸಂಸದ ಪ್ರಜ್ವಲ್ ರೇವಣ್ಣರಿಗೆ ಸಂಬಂಧಿಸಿದವೆನ್ನಲಾದ ದೃಶ್ಯಗಳು ಪೆನ್ ಡ್ರೈವ್‌ಗಳಲ್ಲಿ ಊರೂರು ಹರಡಿದುವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖ ಮುಚ್ಚುವಷ್ಟು ವ್ಯವಧಾನವೂ ಹಂಚಿದವರಿಗೆ ಇರಲಿಲ್ಲ. ಸತ್ಯ ಹೊರಬರಲೆಂದು ಹಂಚಿದರೆಂದು ಹೇಳುವವರು ಇದ್ದಾರೆ. ಆದರೆ ನ್ಯಾಯ ದೊರೆತದ್ದು ಬೀದಿಯಲ್ಲಲ್ಲ. ಮನೆಗೆಲಸದ ಹೆಣ್ಣುಮಗಳೊಬ್ಬಳು ನ್ಯಾಯಾಲಯದಲ್ಲಿ ನಿಂತು ಸಾಕ್ಷ್ಯ ನುಡಿದು, 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿಯೆಂದು ಸಾರಿ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ಆಕೆಯ ಹೆಸರು ನನಗೂ ನಿಮಗೂ ತಿಳಿಯದು, ತಿಳಿಯದೆಯೇ ಶಿಕ್ಷೆಯಾಯಿತು. ಇದನ್ನು ಮರೆಯಬಾರದು.

ಇಷ್ಟು ದೂರ ಸುತ್ತಿ ನಾನು ಬರಬೇಕಾದದ್ದು ನಮ್ಮ ಹೊಸ್ತಿಲಿಗೆ. ತುಂಗಭದ್ರೆಯ ಕಾಲುವೆ ಹರಿದ ಮಾನ್ವಿ, ಕೃಷ್ಣೆಯ ದಂಡೆಯ ದೇವದುರ್ಗ, ಇವೆರಡರ ನಡುವೆ ಹಬ್ಬಿದ ಹಳ್ಳಿಗಳು: ಇಲ್ಲಿಯೂ ಒಂದು ಸರಕಾರಿ ದಾಖಲೆಯಿದೆ, ಅದರ ತುಂಬ ಹೆಸರುಗಳಿವೆ. ಅದು ದೇವದಾಸಿಯರ ಗಣತಿಯ ಪಟ್ಟಿ. ಕರ್ನಾಟಕ ಸರಕಾರದ ಸಮೀಕ್ಷೆಗಳ ಪ್ರಕಾರ 1993-94ರಲ್ಲಿ ರಾಜ್ಯದಲ್ಲಿ ಗುರುತಿಸಿದವರು 22,873 ಮಂದಿ, 2007-08ರಲ್ಲಿ ಗುರುತಿಸಿದವರು 23,787, ಒಟ್ಟು 46,660. ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ, ಬೆಳಗಾವಿಯಂಥ ಜಿಲ್ಲೆಗಳವರೇ ಅವರಲ್ಲಿ ಬಹುಪಾಲು. ದಲಿತ ಕೇರಿಗಳವರೇ ಹೆಚ್ಚು. 2025ರಲ್ಲಿ ಮರುಗಣತಿಯೂ ಆರಂಭವಾಯಿತು.

ಇದನ್ನು ಎಪ್‌ಸ್ಟೀನನ ಕಡತಗಳ ಪಕ್ಕದಲ್ಲಿ ಇಡುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಅದು ಪ್ರಕರಣ, ಇದು ಪದ್ಧತಿ ಎನ್ನಬಹುದು. ನನ್ನ ತಕರಾರು ಆ ಎರಡು ಶಬ್ದಗಳ ಮೇಲೆಯೇ ಇದೆ. ಪ್ರಕರಣವೆಂದರೆ ಅದಕ್ಕೊಬ್ಬ ಆರೋಪಿ ಬೇಕು, ದಿನಾಂಕ ಬೇಕು, ಠಾಣೆ ಬೇಕು. ಪದ್ಧತಿಗೆ ಇವು ಯಾವುವೂ ಬೇಡ. ಹನ್ನೆರಡೋ ಹದಿಮೂರೋ ವಯಸ್ಸಿನ ಹುಡುಗಿಗೆ ಹುಣ್ಣಿಮೆಯ ದಿನ ಯಲ್ಲಮ್ಮನ ಹೆಸರಲ್ಲೋ ಹುಲಿಗೆಮ್ಮನ ಹೆಸರಲ್ಲೋ ಮುತ್ತು ಕಟ್ಟಿ, ಆಮೇಲೆ ಊರಿನ ಸ್ಥಿತಿವಂತನೊಬ್ಬನಿಗೆ ಒಪ್ಪಿಸುವುದನ್ನು ‘ಪದ್ಧತಿ’ ಎಂದು ಕರೆದೊಡನೆ ಆ ಸ್ಥಿತಿವಂತ ವಾಕ್ಯದಿಂದ ಮಾಯವಾಗುತ್ತಾನೆ. ಉಳಿಯುವುದು ದೇವಿ, ಬಡತನ, ಮೂಢನಂಬಿಕೆ. ಈ ಮೂವರ ಮೇಲೂ ಯಾರೂ ಫಿರ್ಯಾದು ಹೂಡಲಾರರು.

ಇಲ್ಲಿ ಒಂದು ಮಾತು ಅಡ್ಡ ಬರುತ್ತದೆ, ಸಾಹಿತ್ಯದ ಪುಟವಾದ್ದರಿಂದ ಹೇಳಿಯೇ ಬಿಡುತ್ತೇನೆ. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ಸೀಮೆಯದು. ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ದೇವರಿಗೆ ತನ್ನನ್ನು ತಾನೇ ಅರ್ಪಿಸಿಕೊಂಡ ಗಂಡಸು ‘ದಾಸ’ನಾಗಿ ಅಂಕಿತ ಪಡೆದು ಪೂಜ್ಯನಾದ. ಅದೇ ನೆಲದಲ್ಲಿ ಬೇರೆಯವರು ದೇವರಿಗೆ ಅರ್ಪಿಸಿದ ಹೆಣ್ಣು ‘ದಾಸಿ’ಯಾದಳು, ಆ ಶಬ್ದ ಬೈಗುಳವಾಯಿತು. ಇದರಲ್ಲಿ ದಾಸವರೇಣ್ಯರ ತಪ್ಪೇನೂ ಇಲ್ಲ. ಒಂದೇ ಧಾತುವಿನ ಎರಡು ಶಬ್ದಗಳಿಗೆ ಲೋಕ ಎಂಥ ಎರಡು ಹಣೆಬರಹ ಬರೆಯಿತೆಂದು ಬೆರಗಾಗುತ್ತದೆ, ಅಷ್ಟೆ.

ಇರಲಿ. ಕಾನೂನಿನ ಕಥೆ ನೋಡೋಣ. ಮೈಸೂರು ಸಂಸ್ಥಾನ 1909ರಷ್ಟು ಹಿಂದೆಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸು ಪ್ರಾಂತದಲ್ಲಿ 1947ರಲ್ಲಿ ಕಾನೂನುಗಳಾದುವು. ನಮ್ಮ ರಾಯಚೂರು ಹೈದರಾಬಾದು ಸಂಸ್ಥಾನದ ಭಾಗವಾಗಿದ್ದುದರಿಂದ ಈ ಮೂರರಲ್ಲಿ ಯಾವುದೂ ಇತ್ತ ಸುಳಿಯಲಿಲ್ಲ. ಏಕೀಕರಣವಾಗಿ ಇಪ್ಪತ್ತೈದು ವರ್ಷಗಳ ಮೇಲೆ, 1982ರಲ್ಲಿ, ಕರ್ನಾಟಕ ತನ್ನದೇ ನಿಷೇಧ ಕಾನೂನು ರಚಿಸಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಅರ್ಪಣೆಯ ವಿಧಿಯನ್ನು ನಡೆಸಿದವರಿಗೆ, ಅದರಲ್ಲಿ ಭಾಗಿಯಾದವರಿಗೆ ಸೆರೆವಾಸ. ತಂದೆತಾಯಿ ಪೋಷಕರೇ ಮಾಡಿದರೆ ಇನ್ನೂ ಹೆಚ್ಚಿನ ಶಿಕ್ಷೆ. ಎಂದರೆ ಮುತ್ತು ಕಟ್ಟಿದ ಪೂಜಾರಿ ಸಿಕ್ಕಿಬಿದ್ದ, ಹಸಿದ ತಾಯಿ ಸಿಕ್ಕಿಬಿದ್ದಳು. ಮಾರನೆಯ ದಿನ ಬಂದು ಹುಡುಗಿಯನ್ನು ಇಟ್ಟುಕೊಂಡವನು ವಿಧಿಯಲ್ಲಿ ಭಾಗಿಯಾಗದಿದ್ದರೆ ಆ ಕಾನೂನಿನ ಬಲೆಗೆ ಹೊರಗೇ ಉಳಿದ.

ಗಣತಿಯ ಪಟ್ಟಿ ಈ ಕಾನೂನಿನ ಮಗಳು. ಮಾಸಾಶನ ಬೇಕಾದರೆ, ಮನೆ ಬೇಕಾದರೆ, ಸಾಲ ಸಹಾಯಧನ ಬೇಕಾದರೆ ಹೆಸರು ಪಟ್ಟಿಯಲ್ಲಿರಬೇಕು. ಪಟ್ಟಿಗೆ ಸೇರಬೇಕಾದರೆ ಆಕೆ ಅಧಿಕಾರಿಗಳ ಮುಂದೆ ನಾನು ಇಂಥವಳು ಎಂದು ನುಡಿದು ಹೆಬ್ಬೆಟ್ಟು ಒತ್ತಬೇಕು. ಊರು ಆಡಿಕೊಂಡ ಶಬ್ದವನ್ನು ಸರಕಾರದ ಮೊಹರಿನೊಡನೆ ಸ್ವೀಕರಿಸುವುದೇ ಅನ್ನದ ಬೆಲೆಯಾಯಿತು. ಆ ಬೆಲೆಯನ್ನು ತೆರಲು ಸಿದ್ಧವಿದ್ದೂ ಗಣತಿಯ ದಿನ ಊರಲ್ಲಿಲ್ಲದೆ, ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ, ಪಟ್ಟಿಯಿಂದ ಹೊರಗುಳಿದವರು ತಾಲೂಕು ಕಚೇರಿಯ ಕಟ್ಟೆಯ ಮೇಲೆ ವರುಷಗಟ್ಟಲೆ ಕೂತದ್ದನ್ನು ಈ ಭಾಗದವರು ಕಂಡಿದ್ದಾರೆ. ತನ್ನ ಮೇಲೆ ಅನ್ಯಾಯವಾಯಿತೆಂದು ಬರೆಸಿಕೊಳ್ಳಲು ಕಾದು ಕೂತವಳಿಂದ ಅನ್ಯಾಯ ಮಾಡಿದವನ ಹೆಸರನ್ನು ಕೇಳಲು ಮಾತ್ರ ಗಣತಿ ಹೊರಟಿರಲಿಲ್ಲ. ಅದು ಹೆಂಗಸರ ಗಣತಿ, ಗಂಡಸರದಲ್ಲ.

ಈಗ ಪ್ರಶ್ನೆ: ಈ ದಾಖಲೆಯನ್ನು ತೆರೆಯಬೇಕೆ, ಮುಚ್ಚಬೇಕೆ? 2005ರ ಮಾಹಿತಿ ಹಕ್ಕಿನ ಕಾನೂನು ಸರಕಾರದ ಸಹಾಯಧನ ಪಡೆದವರ ವಿವರವನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆನ್ನುತ್ತದೆ. ಸುಳ್ಳು ಫಲಾನುಭವಿಗಳನ್ನು ಹಿಡಿಯಲು ಅದು ಒಳ್ಳೆಯ ಉಪಾಯ. ಹಾಗೆಂದು ಈ ಹೆಸರುಗಳನ್ನೂ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಓದಿ ಶಿಕ್ಷಕಿಯೋ ದಾದಿಯೋ ಆದ ಮಗಳ ಮದುವೆಯ ಮಾತು ಮುರಿಯಲು ಅಷ್ಟೇ ಸಾಕು. ಅತ್ಯಾಚಾರಕ್ಕೀಡಾದವರ ಹೆಸರು ಪ್ರಕಟಿಸುವುದು 1983ರಿಂದಲೂ ನಮ್ಮಲ್ಲಿ ದಂಡನಾರ್ಹ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 72ನೆಯ ಕಲಮು, ಎರಡು ವರ್ಷದವರೆಗೆ ಸೆರೆ. ಆದರೆ ಆ ಕಲಮಿನ ನೆರಳು ಇರುವುದು ಪ್ರಕರಣದ ಸಂತ್ರಸ್ತೆಗೆ. ಯಾರ ವಿಷಯದಲ್ಲಿ ಪ್ರಕರಣವೇ ದಾಖಲಾಗಲಿಲ್ಲವೋ ಅವಳು ಬಿಸಿಲಲ್ಲೇ ನಿಂತಿದ್ದಾಳೆ. ಆದಕಾರಣ ಹೆಸರುಗಳು ಮುಚ್ಚಿಯೇ ಇರಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ.

ಹೆಸರನ್ನು ಬಿಟ್ಟು ಉಳಿದುದೆಲ್ಲ ತೆರೆಯಬೇಕು. ಮುಖ್ಯವಾಗಿ ಒಂದು ಲೆಕ್ಕ. ಕಾನೂನು ಜಾರಿಗೆ ಬಂದದ್ದು 1984ರಲ್ಲಿ. ಆ ವರ್ಷದ ತರುವಾಯ ಹುಟ್ಟಿದ ಒಬ್ಬಳೇ ಒಬ್ಬ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿದ್ದರೂ, ಆಕೆಯ ಹುಟ್ಟಿದ ದಿನಾಂಕವೇ ಒಂದು ಅಪರಾಧದ ಸಾಕ್ಷ್ಯ. ಆಕೆಯನ್ನು ಅರ್ಪಿಸಿದ್ದು ಕಾನೂನು ಕಣ್ತೆರೆದಿದ್ದ ಕಾಲದಲ್ಲಿಯೇ ಅಲ್ಲವೆ? ಹುಡುಗಿ ಹದಿನೆಂಟರ ಒಳಗಿನವಳಾಗಿದ್ದು, ಅದು 2012ರ ಆಚೆಗೆ ನಡೆದಿದ್ದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾನೂನೂ ಎದುರು ನಿಲ್ಲುತ್ತದೆ. ಹೀಗೆ ನೋಡಿದರೆ ಆ ಪಟ್ಟಿ ಫಲಾನುಭವಿಗಳ ಪಟ್ಟಿಯಲ್ಲ. ಯಾವ ಠಾಣೆಯೂ ದಾಖಲಿಸಿಕೊಳ್ಳದ ಪ್ರಥಮ ವರ್ತಮಾನ ವರದಿಗಳ ಕಟ್ಟು. ದೇವದುರ್ಗದಲ್ಲಿ ಅಂಥವರೆಷ್ಟು, ಮಾನ್ವಿಯಲ್ಲಿ ಎಷ್ಟು, ಅದರ ಎದುರಿನ ಅಂಕಣದಲ್ಲಿ ಹೂಡಿದ ಮೊಕದ್ದಮೆಗಳೆಷ್ಟು, ಶಿಕ್ಷೆಯಾದದ್ದು ಎಷ್ಟು ಮಂದಿಗೆ, ಅವರಲ್ಲಿ ತಾಯಂದಿರೆಷ್ಟು, ಇಟ್ಟುಕೊಂಡ ಗಂಡಸರೆಷ್ಟು: ಇಷ್ಟನ್ನು ತಾಲೂಕುವಾರು ಅಚ್ಚು ಹಾಕಿ ಕೊಡಲು ಯಾವ ಹೆಣ್ಣಿನ ಗೋಪ್ಯವೂ ಅಡ್ಡಬರುವುದಿಲ್ಲ. ಅಡ್ಡಬರುವುದು ಕಚೇರಿಗಳ ಗೋಪ್ಯ.

ಆ ಗೋಪ್ಯಕ್ಕೆ ಈಚೆಗೆ ಹೊಸ ಬಾಗಿಲೊಂದನ್ನೂ ಕೂಡಿಸಲಾಗಿದೆ. ಮಾಹಿತಿ ಹಕ್ಕಿನ ಕಾನೂನಿನಲ್ಲಿ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಕಲಮಿನ ಒಳಗೇ ‘ವಿಶಾಲ ಸಾರ್ವಜನಿಕ ಹಿತ’ಕ್ಕೆ ಬೇಕಾದರೆ ಕೊಡಬಹುದೆಂಬ ಮಾತಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾನೂನು ಆ ಮಾತನ್ನು ಕಿತ್ತುಹಾಕಿತು. ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಸಾರ್ವಜನಿಕ ಹಿತವನ್ನು ತೂಗುವ ಇನ್ನೊಂದು ಕಲಮು ಉಳಿದಿದೆ, ನಿಜ. ಆದರೆ ಅರ್ಜಿ ಹಿಡಿದು ಬಂದ ಹಳ್ಳಿಯ ಹುಡುಗನಿಗೆ ‘ವೈಯಕ್ತಿಕ’ ಎಂಬ ಒಂದೇ ಶಬ್ದ ಬರೆದು ಕಾಗದ ಹಿಂದಿರುಗಿಸುವುದು ಗುಮಾಸ್ತನಿಗೆ ಈಗ ಎಷ್ಟು ಸುಲಭ! ಹೇಮಾ ವರದಿಯ ಪರದೆಯನ್ನು ನಾವು ಕಾನೂನಿನಿಂದಲೇ ಹೊಲಿದುಕೊಂಡಂತಾಯಿತು.

ಹೆಸರು ಮುಚ್ಚುವುದೆಂದರೆ ನಾಚಿಕೆ ಅವಳದೇ ಎಂದು ಒಪ್ಪಿದಂತಲ್ಲವೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪ್ರಶ್ನೆ ಹಗುರವಾದುದಲ್ಲ. ಫ್ರಾನ್ಸಿನಲ್ಲಿ 2024ರಲ್ಲಿ ಜಿಸೆಲ್ ಪೆಲಿಕೊ ಎಂಬ ವೃದ್ಧೆ ಮುಚ್ಚಿದ ಕೋಣೆಯ ವಿಚಾರಣೆಯನ್ನು ಬೇಡವೆಂದು, ತನ್ನ ಹೆಸರು ಮುಖಗಳನ್ನು ತಾನೇ ತೆರೆದಿಟ್ಟಳು. ಅವಳ ಗಂಡನೂ ಸೇರಿ ಐವತ್ತೊಂದು ಮಂದಿ ತಪ್ಪಿತಸ್ಥರಾದರು. ಅಷ್ಟು ದೂರ ಯಾಕೆ, ದೇವದಾಸಿ ವಿಮೋಚನೆಯ ಸಂಘಟನೆಗಳ ನಮ್ಮ ತಾಯಂದಿರೇ ಬೀದಿಗಿಳಿದು ತಮ್ಮ ಬಾಳನ್ನು ತಾವೇ ಹೇಳಿದ್ದಾರೆ. ಅದು ಅವರು ತೆರೆದ ಬಾಗಿಲು. ಕಾನೂನೂ ಸಂತ್ರಸ್ತೆ ಲಿಖಿತವಾಗಿ ಒಪ್ಪಿದರೆ ಹೆಸರು ಹೇಳಬಹುದೆಂದು ಕೀಲಿಕೈಯನ್ನು ಅವಳ ಸೆರಗಿನ ಗಂಟಿನಲ್ಲಿಯೇ ಬಿಟ್ಟಿದೆ. ಕಚೇರಿ ಆ ಗಂಟಿಗೆ ಕೈಹಾಕಬಾರದೆಂಬುದಷ್ಟೇ ನನ್ನ ವಾದ. ಆಕೆ ನನ್ನ ಉತ್ತರವನ್ನು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

2025ರಲ್ಲಿ ನಮ್ಮ ವಿಧಾನಮಂಡಲ ಹಳೆಯ ಕಾನೂನಿನ ಬದಲು ಹೊಸದೊಂದನ್ನು ಅಂಗೀಕರಿಸಿತು. ಅದರಲ್ಲಿ ನಾನು ಎರಡು ಸಲ ಓದಿದ ಭಾಗವೆಂದರೆ ದೇವದಾಸಿಯರ ಮಕ್ಕಳಿಗೆ ಸಂಬಂಧಿಸಿದ್ದು. ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಜೊತೆಗೆ, ತನ್ನ ತಂದೆ ಯಾರೆಂದು ಗೊತ್ತುಪಡಿಸಿಕೊಂಡು ಆಸ್ತಿಯ ಹಕ್ಕು ಕೇಳಲು, ಬೇಕಾದರೆ ಡಿ.ಎನ್.ಎ. ಪರೀಕ್ಷೆಯ ಮೂಲಕವೂ, ಮಗುವಿಗೆ ದಾರಿಯಿದೆ. ಗಂಡಸಿನ ಹೆಸರು ದಾಖಲೆಗೆ ಬರುವ ಬಾಗಿಲನ್ನು ಈ ಸೀಮೆಯಲ್ಲಿ ಕಾನೂನು ತೆರೆದದ್ದು, ನಾನು ಕಂಡಂತೆ, ಇದೇ ಮೊದಲು.

ಎರಡು ಸಲ ಓದಿದ್ದಕ್ಕೆ ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1980ರ ದಶಕದ ಕೊನೆಯಲ್ಲಿ, ಮಾನ್ವಿ ತಾಲೂಕಿನ ಹಳ್ಳಿಯೊಂದರ ಶಾಲೆಗೆ ತಾಯಿಯೊಬ್ಬಳು ಮಗನನ್ನು ಸೇರಿಸಲು ಬಂದಳು. ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರವಿತ್ತು. ದಾಖಲಾತಿ ಪುಸ್ತಕ ತೆರೆದು, “ಹುಡುಗನ ಅಪ್ಪನ ಹೆಸರೇನವ್ವ?” ಎಂದೆ. ಆಕೆ ನೆಲ ನೋಡಿದಳು. ಮತ್ತೆ ಕೇಳಿದೆ. “ನಿಮಗ ತಿಳದಂಗ ಒಂದು ಬರಕೊಳ್ರಿ ಸರ,” ಎಂದಳು. ಹೊರಗೆ ಬೇವಿನ ಕೆಳಗೆ ಕೂತಿದ್ದ ಊರ ಜನಕ್ಕೆಲ್ಲ ಆ ಹೆಸರು ಗೊತ್ತಿತ್ತು. ಎರಡು ತಿಂಗಳಲ್ಲಿ ನನಗೂ ಗೊತ್ತಾಯಿತು. ಆತ ಶಾಲೆಯ ಹಬ್ಬಗಳಿಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದ; ನಾನೇ ಹಾರ ಹಾಕಿದ್ದುಂಟು. ಆ ದಿನ ಮಾತ್ರ, ಅಂಕಣ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆಂದು, ಆಕೆಯ ತಂದೆಯ ಹೆಸರನ್ನೇ, ಎಂದರೆ ಹುಡುಗನ ಅಜ್ಜನ ಹೆಸರನ್ನೇ, ತಂದೆಯ ಅಂಕಣದಲ್ಲಿ ದುಂಡಗೆ ಬರೆದು ಮಸಿ ಒತ್ತಿದೆ. ಉಪಕಾರ ಮಾಡಿದೆನೆಂದೇ ಆಗ ತಿಳಿದಿದ್ದೆ.

ಹುಡುಗ ಏಳನೆಯ ತರಗತಿ ಮುಗಿಸಿ ಊರು ಬಿಟ್ಟ. ಈಗ ನಲವತ್ತು ದಾಟಿರಬೇಕು. ಹೊಸ ಕಾನೂನು ಹಿಡಿದು ಅವನು ತನ್ನ ತಂದೆ ಇಂಥವನೆಂದು ಕೇಳಲು ಹೊರಟನೆಂದಿಟ್ಟುಕೊಳ್ಳಿ. ಎದುರಿನ ವಕೀಲ ಮೊದಲು ತರಿಸುವ ಕಾಗದ ಶಾಲೆಯ ದಾಖಲಾತಿಯದು. ಅದರಲ್ಲಿ ತಂದೆಯ ಹೆಸರು ಬೇರೆಯೇ ಇದೆ, ಅಕ್ಷರ ನನ್ನದು.